ಹದ ನೋಡಿ ಬಿತ್ತು, ಪುಟ್ಟ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

"ಒಂದು ಮಳೆ ಬಿತ್ತು ದೊಡ್ಡಪ್ಪ, ನಾಳೆಯೇ ರಾಗಿ ಬಿತ್ತುತ್ತೇನೆ" ಅಂತ ಫೋನಿನಲ್ಲಿ ಅಂದೆಯಲ್ಲ, ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

2023ರ ಜುಲೈ ಕೊನೆಯಲ್ಲಿ ನಾನೂ ಹೀಗೇ ಆತುರಬಿದ್ದೆ. ಬಿತ್ತಿದ ಮೇಲೆ ಹನಿ ಬೀಳಲಿಲ್ಲ. ಹದಿನೈದನೇ ದಿನ ಸಾಲಿನ ಮಣ್ಣು ಕೆದಕಿದರೆ ಮೊಳಕೆ ನೂಲಿನೆಳೆಯಂತೆ ಒಣಗಿ ಬೆರಳಿಗೆ ಅಂಟಿಕೊಂಡು ಬಂತು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ನಿನ್ನ ತಾತ ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆ ಎಣಿಸಿ ಬಿತ್ತುತ್ತಿದ್ದರು, ಬೆಳೆಯೂ ಕೈಗೆ ಹತ್ತುತ್ತಿತ್ತು. ಈಗ ಮಳೆಯ ನಡತೆಯೇ ಬದಲಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಹಾಗಾಗಿ ಸುರಿದರೆ ಒಂದೇ ಸಲಕ್ಕೆ ಸುರಿದುಬಿಡುತ್ತದೆ, ಆಮೇಲೆ ವಾರಗಟ್ಟಲೆ ಬಿಸಿಲು. ಕೊನೆಗೆ ಮಳೆಮಾಪಕದ ಲೆಕ್ಕ ಸರಿಬಂದರೂ ಪೈರಿಗೆ ಬೇಕಾದ ಹೊತ್ತಲ್ಲಿ ನೀರಿರುವುದಿಲ್ಲ.

ಮೇಲಿನ ತೇವ ನೋಡಿ ಮರುಳಾಗಬೇಡ ಮಗನೇ. ಗುದ್ದಲಿಯಲ್ಲಿ ಗೇಣುದ್ದ ಅಗೆದು, ತಳದ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುತ್ತದಾ ನೋಡು. ಕಟ್ಟಿದರೆ ಬಿತ್ತು. ತಡವಾದರೆ ಅಲ್ಪಾವಧಿ ತಳಿ ಇದೆ, ಪೈರು ನಾಟಿ ಇದೆ. ರಾಗಿ ನಡುವೆ ತೊಗರಿಯಂಥ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲು ಮಾತ್ರ ಬಿಡಬೇಡ. ರಾಗಿ ಸೊರಗಿದರೂ ತೊಗರಿಯ ಬೇರು ಆಳಕ್ಕಿಳಿದು ತಡೆದುಕೊಳ್ಳುತ್ತದೆ. ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿಹೋಗದಂತೆ ಬದು ಗಟ್ಟಿಮಾಡು. ಕೃಷಿ ಹೊಂಡದ ಹೂಳು ಈಗಲೇ ತೆಗೆಸು, ತೆನೆ ಕಟ್ಟುವಾಗ ಅದರಿಂದ ಒಂದು ನೀರು ಕೊಟ್ಟರೂ ಬೆಳೆ ಉಳಿಯುತ್ತದೆ. ಫಸಲ್ ಬಿಮಾ ಬೆಳೆ ವಿಮೆಯ ಕಂತು ತಪ್ಪಿಸಬೇಡ. ಮುಂಗಾರಿನ ರಾಗಿಗೆ ನಿನ್ನ ಪಾಲು ವಿಮಾ ಮೊತ್ತದ ಶೇ. 2 ದಾಟುವುದಿಲ್ಲ.

ಇನ್ನೊಂದು ಮಾತು. ಬೆಳೆ ಕೈಕೊಟ್ಟ ವರ್ಷ ನಮಗೆ ಜಮೀನಾದರೂ ಉಳಿಯುತ್ತದೆ. ಕಳೆ ಕೀಳಲು ಬರುವ ಹೆಂಗಸರಿಗೆ ಕೂಲಿಯೇ ಇರುವುದಿಲ್ಲ. ಆ ಬರದ ವರ್ಷ ಅವರು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತು, ಏನೂ ಕೇಳದೆ ಹಿಂದಿರುಗುತ್ತಿದ್ದುದು ನನಗಿನ್ನೂ ಮರೆತಿಲ್ಲ. ಬದು, ಹೊಂಡದ ಕೆಲಸಕ್ಕೆ ಯಂತ್ರ ಕರೆಸಬೇಡ, ಅವರನ್ನೇ ಕರೆ.

ನಾಳೆ ಅಗೆದ ಮೇಲೆ ಆ ಮಣ್ಣಿನ ಫೋಟೋ ಕಳಿಸು, ನೋಡಿ ಹೇಳುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ