ಆ ಕೆಂಪು ಪೋಲೋಗೆ ಅಡ್ವಾನ್ಸ್ ಕೊಡೋ ಮುಂಚೆ

ಗೆಳೆಯಾ,

ನೀನು ತಗೋಬೇಕು ಅಂತಿರೋ ಆ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋದ ಫೋಟೋಗಳನ್ನೆಲ್ಲ ನೋಡಿದೆ. ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಪೋಲೋ ಜಿಟಿ ಟಿಎಸ್‌ಐ ನನಗೂ ಬಹಳ ಇಷ್ಟದ ಕಾರು. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ನಿಂತೇ ಹೋದ ಮೇಲೆ ಒಳ್ಳೇದು ಸಿಗೋದು ಇನ್ನೂ ಕಷ್ಟವಾಗಿದೆ. ಆದರೆ ರೀಮ್ಯಾಪ್ (ಪವರ್ ಏರಿಸೋಕೆ ಇಂಜಿನ್ ಸಾಫ್ಟ್‌ವೇರ್ ಬದಲಿಸೋದು), ತಗ್ಗಿಸಿದ ಸಸ್ಪೆನ್ಷನ್, ಹೊಸ ಎಕ್ಸಾಸ್ಟ್, ಅಗಲದ ಅಲಾಯ್ ಅಂತ ಮಾರೋರು ಉದ್ದಕ್ಕೆ ಬರೆದಿದ್ದಾರಲ್ಲ, ಅದರಲ್ಲಿ ಒಂದೊಂದಕ್ಕೂ ಕೇಳು: ಯಾರು ಮಾಡಿದ್ದು, ಬಿಲ್ ಎಲ್ಲಿ, ಬಿಚ್ಚಿದ ಒರಿಜಿನಲ್ ಪಾರ್ಟ್ ಎಲ್ಲಿ? ಕಂಪನಿಯಿಂದ ಬಂದ ಹಾಗೇ ಇರೋ ಗಾಡಿ ತಗೊಂಡರೆ ಕಂಪನಿಯನ್ನ ನಂಬಿದರೆ ಸಾಕು. ಇಲ್ಲಿ ನೀನು ಗುರುತೇ ಇಲ್ಲದ ಒಬ್ಬ ಮೆಕ್ಯಾನಿಕ್‌ನ ಕೈಕೆಲಸಕ್ಕೆ ದುಡ್ಡು ಕೊಡ್ತಿದ್ದೀಯ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಗೇರ್‌ಬಾಕ್ಸಿಂದು. ಈ ಕಾರು ಕಂಪನಿಯಿಂದ ಬಂದಾಗ 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). ಅದರ ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸಲ್ಲಿರೋದು ಡ್ರೈ ಕ್ಲಚ್, ತಂಪು ಮಾಡೋಕೆ ಎಣ್ಣೆಯಲ್ಲಿ ಮುಳುಗಿರಲ್ಲ. ಅದು ತಡೆಯೋದು ಹೆಚ್ಚೆಂದರೆ 250 ಎನ್‌ಎಂ. ರೀಮ್ಯಾಪ್ ಮಾಡಿದಾಗ ಟಾರ್ಕ್ ಆ ಮಿತಿಯ ಕಡೆಗೇ ಏರೋದು. ಇಂಜಿನ್ ಸಲೀಸಾಗಿ ಹೊತ್ತುಕೊಳ್ಳುತ್ತೆ, ಕ್ಲಚ್ ಸವೆಯುತ್ತೆ. ಗೇರ್ ಹಾಕೋ ಮೆಕಾಟ್ರಾನಿಕ್ಸ್ ಯೂನಿಟ್ ಕೆಟ್ಟರಂತೂ ಖರ್ಚು ಲಕ್ಷಗಳಲ್ಲಿ.

ಅದಕ್ಕೇ ಟೆಸ್ಟ್ ಡ್ರೈವ್ ಬಗ್ಗೆ ಹಟ ಹಿಡಿ. 'ಎಕ್ಸ್‌ಪ್ರೆಸ್‌ವೇಗೆ ಹೋಗೋಣ, ಪಿಕಪ್ ನೋಡಿ' ಅಂದರೆ ಒಪ್ಪಬೇಡ. ಅಲ್ಲಿ ಮಿತಿ ಇರೋದೇ 100 ಕಿ.ಮೀ., ಖಾಲಿ ರಸ್ತೆಯಲ್ಲಿ ಸುಸ್ತಾದ ಗೇರ್‌ಬಾಕ್ಸೂ ಚೆನ್ನಾಗೇ ಓಡುತ್ತೆ. ಚಾಮುಂಡಿ ಬೆಟ್ಟ ಹತ್ತಿಸು. ಇಳಿದ ಮೇಲೆ ನೇರವಾಗಿ ಅರಸು ರಸ್ತೆಯ ಸಂಜೆ ಟ್ರಾಫಿಕ್‌ಗೆ ನುಗ್ಗಿಸಿ, ನಿಂತು ನಿಂತು ಓಡಿಸು. ಬಿಸಿಯಾದ ಮೇಲೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗಿದರೆ, ರಿವರ್ಸ್ ಹಾಕಿದಾಗ ಕ್ಷಣ ತಡೆದು ಧಡ್ ಅಂದರೆ, ಆಕ್ಸಲರೇಟರ್ ತುಳಿದಾಗ ಆರ್‌ಪಿಎಂ ಮೇಲೆ ಹೋಗಿ ವೇಗ ಹಿಂದೆ ಉಳಿದರೆ, ಅಲ್ಲಿಗೇ ನಮಸ್ಕಾರ ಹೇಳಿ ಬಾ. ಬೆಲೆ ಇಳಿಸ್ತೀನಿ ಅಂದರೂ ಬೇಡ.

ಇಂಜಿನ್ ನೋಡೋಕೆ ಬೆಳಗ್ಗೆ ಹೋಗು. ಬಾನೆಟ್ ಮುಟ್ಟಿ ನೋಡು, ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನು. ಕೋಲ್ಡ್ ಸ್ಟಾರ್ಟ್‌ನಲ್ಲಿ ಗಲಗಲ ಸದ್ದು ಬರುತ್ತಾ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಾ ನೋಡು. ನೀಲಿ ಬಂದರೆ ಆಯಿಲ್ ಉರೀತಿದೆ ಅಂತ. ಟರ್ಬೊ ಗಾಡಿಯಲ್ಲಿ ಅನುಮಾನ ಮೊದಲು ಟರ್ಬೊ ಸೀಲ್ ಮೇಲೇ ಹೋಗುತ್ತೆ.

ಗಾಡಿಯ ಕಂಪ್ಯೂಟರ್‌ನಲ್ಲಿರೋ ಎರರ್ ಓದೋ ಒಬಿಡಿ ಸ್ಕ್ಯಾನರ್ ಇರೋ ಮೆಕ್ಯಾನಿಕ್ ಜೊತೆಗಿರಲಿ. ಎರರ್ ಕೋಡ್ ಇಲ್ಲ ಅಂತ ಬಂದರೆ ಸಾಲದು, ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನ ಮುಗಿಸಿದೆಯಾ ಅಂತ ತೋರಿಸೋ 'ರೆಡಿನೆಸ್ ಮಾನಿಟರ್' ತೆಗೆಸಿ ನೋಡು. ಅದರಲ್ಲಿ ಹಲವು 'ಇನ್‌ಕಂಪ್ಲೀಟ್' ಅಂತಿದ್ದರೆ ಕೋಡ್‌ಗಳನ್ನ ಇತ್ತೀಚೆಗೆ ಅಳಿಸಿರಬಹುದು, ಇಲ್ಲಾ ಬ್ಯಾಟರಿ ಬಿಚ್ಚಿರಬಹುದು. ಯಾವುದು ಅಂತ ಕೇಳಲೇಬೇಕು. ಎಕ್ಸಾಸ್ಟ್ ಬದಲಿಸಿದವರು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿ, ಇಂಜಿನ್ ಲೈಟ್ ಬರದ ಹಾಗೆ ಸಾಫ್ಟ್‌ವೇರ್‌ನಲ್ಲಿ ಮುಚ್ಚಿಬಿಡೋದೂ ಉಂಟು. ಕೆಳಗೆ ಬಗ್ಗಿ ಕಣ್ಣಾರೆ ನೋಡು. ಇನ್ನು ರೀಮ್ಯಾಪ್ ಯಾವ ಪೆಟ್ರೋಲಿಗೆ ಮಾಡಿದ್ದು ಅಂತ ಕೇಳು. ಹೆಚ್ಚು ಆಕ್ಟೇನ್‌ಗೆ ಮಾಡಿಸಿ ಕಮ್ಮಿ ಆಕ್ಟೇನ್ ಹಾಕಿ ಓಡಿಸಿದ್ದರೆ ಇಂಜಿನ್ ನಾಕ್ ಹೊಡೆದು (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು) ಪಿಸ್ಟನ್ ಪೆಟ್ಟು ತಿಂದಿರಬಹುದು. ರೀಮ್ಯಾಪ್‌ಗೆ ಮುಂಚಿನ ಒರಿಜಿನಲ್ ಸಾಫ್ಟ್‌ವೇರ್ ಫೈಲ್ ಕೊಡ್ತಾರಾ? ಕೊಟ್ಟರೆ ಯಾವತ್ತಾದರೂ ಹಳೇ ಹದಕ್ಕೆ ತರಬಹುದು.

ಸಸ್ಪೆನ್ಷನ್ ವಿಷಯದಲ್ಲಿ ನಿನ್ನ ಊರಿನ ದಾರಿಯನ್ನೇ ನೆನೆಸಿಕೋ. ಪಾಂಡವಪುರದ ಕಡೆ ಹಳ್ಳಿಗೊಂದು ಹಂಪ್ಸ್, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರ್ ತುಳಿದು ಮಾಡಿದ ಗುಂಡಿ. ಸರಿಯಾದ ಲೋವರಿಂಗ್ ಸ್ಪ್ರಿಂಗ್ ಹಾಕಿದ್ದರೆ ಹೇಗೋ ನಿಭಾಯಿಸಬಹುದು. ಒರಿಜಿನಲ್ ಸ್ಪ್ರಿಂಗನ್ನೇ ಕತ್ತರಿಸಿ ತಗ್ಗಿಸಿದ್ದರೆ ಅದು ಅಪಾಯ, ಮುಟ್ಟಬೇಡ. ಟೈರಿನ ಒಳಅಂಚು ಮಾತ್ರ ಸವೆದಿದೆಯಾ ಕೈಯಾಡಿಸಿ ನೋಡು. ಟೈರ್ ಮೇಲಿನ ನಾಲ್ಕಂಕಿ ಓದು, 2321 ಅಂದರೆ 2021ರ 23ನೇ ವಾರ ತಯಾರಾದದ್ದು.

ಟಿಂಕರಿಂಗ್ ಆಗಿದೆಯಾ ಅಂತ ಡೋರ್ ಬೀಡಿಂಗ್ ಎಳೆದು, ಬಾನೆಟ್ ಬೋಲ್ಟ್ ಮೇಲೆ ಸ್ಪಾನರ್ ಗುರುತು ಹುಡುಕಿ ನೋಡೋದು ನಿನಗೆ ಗೊತ್ತೇ ಇದೆ. ಹೆಚ್ಚುವರಿ ವೈರಿಂಗ್ ಮಾತ್ರ ಬಿಡಬೇಡ, ಫ್ಯೂಸ್ ಇಲ್ಲದೆ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಬೆಂಕಿಗೆ ಅದೇ ಸಾಕು.

ಈಗ ಕಾಗದಪತ್ರ. 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಇದಕ್ಕೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ನಾಳೆ ಮಾಲೀಕ ನೀನು. ಮಾಡಿಫಿಕೇಶನ್ ತಿಳಿಸದೆ ಮಾಡಿಸಿದ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಕೈಕೊಡಬಹುದು. ಆರ್‌ಸಿಯಲ್ಲಿ ಬಣ್ಣ ಕೆಂಪು ಅಂತಲೇ ಇದೆಯಾ, ಸಾಲದ ಎಚ್‌ಪಿ (ಬ್ಯಾಂಕಿಗೆ ಅಡವಿಟ್ಟ ನಮೂದು) ತೆಗೆಸಿದ್ದಾರಾ, ಇ-ಚಲನ್ ಬಾಕಿ ಇದೆಯಾ, ಎಲ್ಲ ನೋಡಿಕೋ. ಚಾಸಿಸ್ ನಂಬರನ್ನ ಗಾಡಿಯ ಮೇಲೇ ಓದಿ ಆರ್‌ಸಿ ಜೊತೆ ತಾಳೆ ಹಾಕು. ಮೈಸೂರಿನ ಕೆಎ-09 ನಂಬರ್ ಆಗಿರೋದು ಒಳ್ಳೇದು, ಕೇರಳದ್ದಾಗಿದ್ದರೆ ಅಲ್ಲಿನ ಆರ್‌ಟಿಒ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕಿತ್ತು.

ಎಚ್‌ಪಿ ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಎಚ್‌ಪಿ ತೆಗೆಸೋ ಫಾರಂ 35 ಕೈಗೆ ಬರೋವರೆಗೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡ. ಮಾಲೀಕತ್ವ ಬದಲಿಸೋ ಫಾರಂ 29, 30ಕ್ಕೆ ಸಹಿ ಮಾಡಿಸಿಕೊಂಡ ದಿನವೇ ಟ್ರಾನ್ಸ್‌ಫರ್‌ಗೆ ಹಾಕು. ಭಾನುವಾರ ನಾನು ಬಿಡುವಾಗಿದ್ದೀನಿ, ಬೆಳಗ್ಗೆ ಏಳಕ್ಕೆ ಮಂಡ್ಯ ಬಿಟ್ಟರೆ ಜೊತೆಗೇ ಹೋಗಿ ನೋಡೋಣ. ಅಷ್ಟರಲ್ಲಿ ಆ ಬಿಲ್‌ಗಳ ಫೋಟೋ ತರಿಸಿ ನನಗೆ ಕಳಿಸು.

ನಿನ್ನ ಗೆಳೆಯ