ವಾರಸುದಾರರಿಲ್ಲದ ಸರಕು: ಬಂದರು ಖಾತೆಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಅಪಾಯಕಾರಿ ಸರಕಿನ ವಿಷಯದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಸ್ಫೋಟಕ, ವಿಷ, ಆಮ್ಲಗಳನ್ನೆಲ್ಲ 9 ವರ್ಗಗಳಾಗಿ ವಿಂಗಡಿಸಿ, ಯಾವುದರ ಪಕ್ಕ ಯಾವುದನ್ನು ಇಡಬಾರದೆಂದು ವಿಧಿಸುವ ಐಎಂಡಿಜಿ ಎಂಬ ಅಂತರರಾಷ್ಟ್ರೀಯ ಸಂಹಿತೆ 2004ರಿಂದ ಕಡ್ಡಾಯವಾಗಿದೆ. ಆದರೆ ಅದು ಮುಖ್ಯವಾಗಿ ಸಮುದ್ರಯಾನಕ್ಕೆಂದು ಬರೆದದ್ದು. ದಡ ಸೇರಿದ ಸರಕನ್ನು ಬಿಡಿಸಿಕೊಳ್ಳುವವರೇ ಬಾರದಿದ್ದರೆ ಅದರ ಹೊಣೆ ಯಾರದೆಂಬ ಪ್ರಶ್ನೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

2013ರ ಕೊನೆಗೆ ಲೆಬನಾನಿನ ಬೈರೂತ್ ಬಂದರಿಗೆ ಬಂದ ಹಡಗೊಂದರಿಂದ ಮರುವರ್ಷ ಇಳಿಸಿದ ಗೊಬ್ಬರಕ್ಕೂ ಸ್ಫೋಟಕಕ್ಕೂ ಬಳಸುವ 2,750 ಟನ್ ಅಮೋನಿಯಂ ನೈಟ್ರೇಟ್ ಅಲ್ಲಿನ 12ನೇ ಗೋದಾಮಿನಲ್ಲಿ ಸುಮಾರು ಆರು ವರ್ಷ ಬಿದ್ದಿತ್ತು. ಇದು ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ಅದನ್ನು ವಿಲೇವಾರಿ ಮಾಡಲು ಆದೇಶ ಕೋರಿ ಸುಂಕದ ಅಧಿಕಾರಿಗಳು ನ್ಯಾಯಾಲಯಕ್ಕೆ ಮತ್ತೆ ಮತ್ತೆ ಬರೆದಿದ್ದರು. ಕಡತ ಮೇಜಿನಿಂದ ಮೇಜಿಗೆ ಸಾಗಿತು, ಚೀಲಗಳು ಇದ್ದಲ್ಲೇ ಉಳಿದವು. 2020ರ ಆಗಸ್ಟ್ 4ರ ಸ್ಫೋಟದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಈ ವಸ್ತು ತಾನಾಗಿ ಸುಲಭಕ್ಕೆ ಸಿಡಿಯುವಂಥದ್ದಲ್ಲ. ಬೆಂಕಿಯ ಬಿಸಿ, ಇಕ್ಕಟ್ಟು, ಅನ್ಯವಸ್ತುಗಳ ಬೆರಕೆ ಅದನ್ನು ಸಿಡಿಸುತ್ತವೆ. ಎಲ್ಲರೂ ಮರೆತ ಗೋದಾಮಿನಲ್ಲಿ ಕೂಡಿಬರುವುದೂ ಇವೇ.

ಚೀನಾದ ತಿಯಾನ್‌ಜಿನ್‌ನಲ್ಲಿ 2015ರ ಆಗಸ್ಟ್ 12ರಂದು ಆದದ್ದು ಬೇರೆ ಬಗೆಯದು. ಸದಾ ತೇವವಾಗಿಡಬೇಕಾದ ನೈಟ್ರೋಸೆಲ್ಯುಲೋಸ್ ಎಂಬ ರಾಸಾಯನಿಕ ಸೆಕೆಗೆ ಒಣಗಿ ತನ್ನಷ್ಟಕ್ಕೆ ಹೊತ್ತಿಕೊಂಡಿತು, ಬೆಂಕಿ ಅದೇ ಆವರಣದ ಅಮೋನಿಯಂ ನೈಟ್ರೇಟಿಗೆ ಹಬ್ಬಿತು. ಸತ್ತವರು, ಕಾಣೆಯಾದವರು ಸೇರಿ 173 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಗ್ನಿಶಾಮಕರು. 2022ರಲ್ಲಿ ಬಾಂಗ್ಲಾದೇಶದ ಸೀತಾಕುಂಡದ ಕಂಟೇನರ್ ಡಿಪೋದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಡಿದಾಗಲೂ, ಒಳಗೆ ರಾಸಾಯನಿಕವಿರುವುದನ್ನು ತಮಗೆ ತಿಳಿಸಿರಲಿಲ್ಲವೆಂದು ಅಗ್ನಿಶಾಮಕ ಅಧಿಕಾರಿಗಳೇ ಹೇಳಿದರು. ನೀರು ಹಾಕಬಹುದೋ ಬಾರದೋ ಎಂಬುದನ್ನೂ ತಿಳಿಸದೆ ಒಬ್ಬರನ್ನು ಬೆಂಕಿಯೆದುರು ನಿಲ್ಲಿಸುವುದನ್ನು ಅಪಘಾತವೆನ್ನಲು ನನಗೆ ಮನಸ್ಸು ಬಾರದು.

ಆದ್ದರಿಂದ, ಅಪಾಯಕಾರಿ ಸರಕು ಬಂದರಿನಲ್ಲಿ ಎಷ್ಟು ದಿನ ಇರಬಹುದೆಂಬುದಕ್ಕೆ ವರ್ಗವಾರು ಗಡುವು ನಿಗದಿಯಾಗಬೇಕು. ಗಡುವು ಮೀರಿದೊಡನೆ, ಒಡೆತನದ ವ್ಯಾಜ್ಯ ನ್ಯಾಯಾಲಯದಲ್ಲಿದ್ದರೂ, ಸರಕನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವ ಅಧಿಕಾರವೂ ಕರ್ತವ್ಯವೂ ಹೆಸರಿಸಿದ ಒಬ್ಬ ಅಧಿಕಾರಿಗೆ ಇರಬೇಕು. ಖರ್ಚನ್ನು ಆಮದುದಾರರಿಂದಲೋ ಹಡಗಿನವರಿಂದಲೋ ಆಮೇಲೆ ವಸೂಲು ಮಾಡಬಹುದು. ಯಾವ ಶೆಡ್ಡಿನಲ್ಲಿ ಏನಿದೆ, ಎಷ್ಟಿದೆ ಎಂಬ ಪಟ್ಟಿ ಪ್ರತಿ ಪಾಳಿಯಲ್ಲೂ ಅಗ್ನಿಶಾಮಕ ಠಾಣೆ ತಲುಪಬೇಕು. ಬಾಡಿಗೆ ಉಳಿಸಲು ರಾಸಾಯನಿಕವನ್ನು ಸಾಮಾನ್ಯ ಸರಕೆಂದು ಬರೆಸುವವರೂ ಇದ್ದಾರಾದ್ದರಿಂದ, ಕಾಗದವನ್ನಷ್ಟೇ ನಂಬದೆ ಕಂಟೇನರುಗಳನ್ನು ತೆರೆದು ನೋಡುವ ತಪಾಸಣೆಯೂ ಬೇಕು.

ಇವೆಲ್ಲಕ್ಕೂ ಮೊದಲು, ತಮ್ಮ ಆಡಳಿತದ ಬಂದರುಗಳಲ್ಲಿ ವಾರಸುದಾರರಿಲ್ಲದೆ ಉಳಿದಿರುವ ಅಪಾಯಕಾರಿ ಸರಕು ಯಾವುದು, ಎಂದಿನಿಂದ ಇದೆ ಎಂಬ ವಿವರವನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಾಗರಿಕ