ನೀರಿನ ಬಾಟಲಿ ವೈನಿಯ ಕೈಗೇ ಕೊಡು

ತಮ್ಮಾ,

ಮೊನ್ನೆ ರಾತ್ರಿ ಫೋನಿನಲ್ಲಿ "ಸಾಕಾಗಿ ಹೋಗಿದೆ ಕಾಕಾ" ಅಂದೆ. ಮರುಕ್ಷಣವೇ "ಛೇ, ಅವ್ವನ ಬಗ್ಗೆ ಹಿಂಗಂದೆನಲ್ಲ" ಅಂತ ಇಟ್ಟುಬಿಟ್ಟೆ. ಆಮೇಲೆ ನಾನು ಎರಡು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಉದ್ದ ಆಗುತ್ತದೆ, ವೈನಿಯ, ಅಂದರೆ ನಿನ್ನ ಅವ್ವನ, ಡಯಾಲಿಸಿಸ್ ನಡೆಯುವಾಗ ಹೊರಗಿನ ಬೆಂಚಿನ ಮೇಲೆ ಕೂತು ಓದು, ನಾಲ್ಕು ತಾಸು ಇರುತ್ತದೆ ಅಲ್ವಾ.

ಸಾಕಾಯಿತು ಅನ್ನೋದು ತಪ್ಪಲ್ಲ. ನನ್ನ ಹೆಂಡತಿ, ನಿನ್ನ ಕಾಕುವನ್ನು ಐದು ವರ್ಷ, ಇದೇ ಡಯಾಲಿಸಿಸ್‌ಗೆ ಅಂತ ವಾರಕ್ಕೆ ಮೂರು ಸಲ, ಸೇಡಂನಿಂದ ಕಲಬುರಗಿಗೆ ಕರೆದುಕೊಂಡು ಬಂದವನು ನಾನು. ನನಗೂ ಸಾಕಾಗಿತ್ತು. ಇದೆಲ್ಲ ಯಾವಾಗ ಮುಗಿಯುತ್ತದೋ ಅನಿಸುತ್ತಿತ್ತು, ಮುಗಿಯೋದು ಅಂದರೆ ಏನು ಅಂತ ಗೊತ್ತಿದ್ದೂ ಅನಿಸುತ್ತಿತ್ತು. ಇವತ್ತಿನವರೆಗೆ ಯಾರ ಮುಂದೆಯೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು ಹೇಳಬೇಕು. ಮೇ ತಿಂಗಳು, ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತೇ ಇದೆ, 42-43 ಡಿಗ್ರಿ, ರಾತ್ರಿ ಹನ್ನೆರಡಾದರೂ ಗೋಡೆ ಬಿಸಿ. ಕಿಡ್ನಿ ಕೆಟ್ಟರೆ ಕುಡಿದ ನೀರು ಹೊರಗೆ ಹೋಗೋದಿಲ್ಲ, ಅದಕ್ಕೇ ಡಾಕ್ಟರು ಕಾಕುವಿಗೆ ದಿನಕ್ಕೆ 800 ಮಿಲಿ ನೀರು ಮಾತ್ರ ಅಂತ ಹೇಳಿದ್ದರು. ನಡುರಾತ್ರಿ ಅಡುಗೆಮನೆಯಲ್ಲಿ ಸಪ್ಪಳ ಆಯಿತು. ಹೋಗಿ ನೋಡಿದರೆ ಮಣ್ಣಿನ ಗಡಿಗೆ ಹತ್ತಿರ ಕತ್ತಲಲ್ಲಿ ನಿಂತು ಕುಡಿಯುತ್ತಿದ್ದಳು, ಬಳೆ ಸದ್ದಾಗದ ಹಾಗೆ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು. ನಾನು ಗ್ಲಾಸು ಕಸಿದುಕೊಂಡೆ, ನೀರೆಲ್ಲ ಸೀರೆ ಮೇಲೆ ಚೆಲ್ಲಿತು. ಅವಳು ಬೈಯಲಿಲ್ಲ. "ನನ್ನ ಮನ್ಯಾಗ ನೀರು ಕುಡಿಲಿಕ್ಕೂ ನಿಮ್ಮ ಅಪ್ಪಣೆ ಬೇಕೇನ್ರಿ?" ಅಂದಳು ಅಷ್ಟೇ.

ಮರುದಿನ ಒಂದು ಬಾಟಲಿ ತಂದೆ. ಬೆಳಿಗ್ಗೆ 800 ಮಿಲಿ ಅಳೆದು ತುಂಬಿ ಅವಳ ಕೈಗೇ ಕೊಟ್ಟೆ. ಚಹಾ ಕುಡಿದರೆ ಅಷ್ಟು ನೀರು ಬಾಟಲಿಯಿಂದ ಚೆಲ್ಲುತ್ತಿದ್ದಳು. ಗಂಜಿ, ಮಜ್ಜಿಗೆ, ಸಾರು, ಐಸ್ ತುಂಡು, ಎಲ್ಲಾ ಲೆಕ್ಕಕ್ಕೆ. ಲೆಕ್ಕ ಅವಳದು, ನಾನು ಕೇಳುವ ಹಾಗಿಲ್ಲ. ಕೆಲವು ದಿನ ಮೀರುತ್ತಿದ್ದಳು, ಆದರೆ ಕದ್ದು ಕುಡಿಯೋದು ನಿಂತಿತು. ನೀನೂ ಬಾಟಲಿಯನ್ನು ವೈನಿಯ ಕೈಗೆ ಕೊಡು. ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳು, ಒಬ್ಬೊಬ್ಬರಿಗೆ ಒಂದೊಂದು ಅಳತೆ. ಎರಡು ಡಯಾಲಿಸಿಸ್ ನಡುವೆ ಒಂದು ಕಿಲೋ ಏರಿದರೆ ಒಂದು ಲೀಟರ್ ನೀರು ಒಳಗೆ ಉಳಿದಿದೆ ಅಂತ ತಿಳಿ. ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡ.

ನೀರಿಗಿಂತ ಮೊದಲು ಉಪ್ಪು ಹಿಡಿತದಲ್ಲಿಡು. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ (ಚಟ್ನಿಪುಡಿ) ತಿಂದವರಿಗೆ ಬಾಯಾರದೆ ಇರುತ್ತದೆಯೇ? ಅಂಗಡಿಯಲ್ಲಿ "ಲೋ ಸೋಡಿಯಂ ಉಪ್ಪು" ಅಂತ ಕೊಡುತ್ತಾರೆ, ಅದನ್ನಂತೂ ತರಲೇಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಬಿಡಬಹುದು. ನೋಡಲು ಬರುವವರು ಪ್ರೀತಿಯಿಂದ ಎಳನೀರು, ಮೋಸಂಬಿ ತರುತ್ತಾರಲ್ಲ, ಅವೂ ಅದೇ ಜಾತಿ. ಬೇಡ ಅಂದರೆ ಮುಖ ಸಣ್ಣದು ಮಾಡುತ್ತಾರೆ. ಮಾಡಿಕೊಳ್ಳಲಿ.

ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದು. ಕಿಡ್ನಿ ರೋಗಿಗೆ ಬೇಳೆ ಬೇಡ ಅಂತ ಯಾರೋ ಹೇಳಿದ್ದರು. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ಎರಡು ತಿಂಗಳು ಅವಳಿಗೆ ಬರೀ ತೆಳ್ಳಗಿನ ಗಂಜಿ ಹಾಕಿದೆ. ಕೈಕಾಲು ಕಡ್ಡಿಯಾದವು. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಜಾಸ್ತಿಯೇ ಬೇಕಂತೆ, ಪ್ರತಿ ಸಲ ಸ್ವಲ್ಪ ಹೊರಗೆ ಹೋಗುತ್ತದೆ. ಮೊಟ್ಟೆಯ ಬಿಳಿ ಕೊಡಿ ಅಂದರು. ನಮ್ಮ ಮನೆಗೆ ಮೊಟ್ಟೆ ಬಂದದ್ದೇ ಆವಾಗ. ಕಣ್ಣು ಮುಚ್ಚಿ ನುಂಗಿ, "ಮಂದಿಗಿ ಹೇಳಬ್ಯಾಡ್ರಿ" ಅಂದಿದ್ದಳು. ಇದೊಂದು ಮಾತು ಮುರಿದೆ ನೋಡು. ನೀನು ಮಂದಿಯ ಮಾತು ಕೇಳಬೇಡ, ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಬರೆಸಿಕೋ.

ಮೊನ್ನೆ ಕಳಿಸಿದ ಫೋಟೋದಲ್ಲಿ ವೈನಿಯ ಎಡಗೈಯಲ್ಲಿ ವಾಚು ಕಂಡಿತು. ಫಿಸ್ಟುಲಾ ಮಾಡಿದ ಕೈ ಅದು, ಡಯಾಲಿಸಿಸ್ ಸೂಜಿಗೆ ಅಂತ ಅಲ್ಲಿ ರಕ್ತನಾಳ ಜೋಡಿಸಿದ್ದಾರೆ, ವಾಚು ತೆಗೆಸು. ಬಿಗಿ ಬಳೆ ಬೇಡ, ಬಿಪಿ ಪಟ್ಟಿ, ಬೇರೆ ಸೂಜಿ, ರಕ್ತ ತೆಗೆಯೋದು ಎಲ್ಲಾ ಬಲಗೈಯಲ್ಲೇ. ಎಡಗೈ ಬಳೆ ತೆಗೆಯಬೇಕು ಅಂದಾಗ ಕಾಕು ಎರಡು ದಿನ ಮಾತಾಡಲಿಲ್ಲ, ಗಂಡ ಇರುವಾಗಲೇ ಬರಿಗೈಯಾ ಅಂತ. ಕೊನೆಗೆ ಬಲಗೈಗೆ ಒಂದು ಡಜನ್ ಹಸಿರು ಬಳೆ ಹಾಕಿಸಿದೆ. ದಿನಾ ಬೆಳಿಗ್ಗೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡು, ನಡೆಯುವ ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ ಸಣ್ಣಗೆ ಜುಂ ಅನ್ನುತ್ತದೆ. ಅದು ನಿಂತರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡು.

ದುಡ್ಡಿನ ಮಾತು. ನಾವು 2013ರಲ್ಲಿ ಶುರು ಮಾಡಿದ್ದು, ಎರಡು ಎಕರೆ ತೊಗರಿ ಹೊಲ ಹೋಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಅಂತ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2016ರಲ್ಲಿ. ನಿನ್ನ ಹತ್ತಿರ ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಾಲ ಮಾಡುವ ಮೊದಲು ಆಸ್ಪತ್ರೆಯಲ್ಲಿ ಆ ಯೋಜನೆಯ ಕೌಂಟರಿನಲ್ಲಿ ನಿಂತು ಕೇಳು, ಒಂದು ದಿನ ಹೋದರೂ ಹೋಗಲಿ.

ಮಂದಿ ನಿನ್ನನ್ನು ಶ್ರವಣಕುಮಾರ ಅನ್ನುತ್ತಾರಂತೆ. ಕಾಯಿಪಲ್ಯ ಹೆಚ್ಚಿ, ಪೊಟ್ಯಾಸಿಯಂ ಕಡಿಮೆಯಾಗಲಿ ಅಂತ ದೊಡ್ಡ ಪಾತ್ರೆಯಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ, ವೈನಿಗೆ ಬೇರೆ, ನಿಮಗೆ ಬೇರೆ ಅಂತ ಎರಡೆರಡು ಅಡುಗೆ ಮಾಡೋಳು ಯಾರು? ನಿನ್ನ ಹೆಂಡತಿ ಹೆಸರು ಯಾರೂ ಎತ್ತೋದಿಲ್ಲ. ನೀನಾದರೂ ಎತ್ತು. ಪುಣೆಯಲ್ಲಿರುವ ನಿನ್ನ ಅಕ್ಕ ದಿನಾ ಫೋನಿನಲ್ಲಿ ಸಲಹೆ ಕೊಡುತ್ತಾಳೆ ಅಂತ ಸಿಟ್ಟು ಮಾಡಿಕೊಂಡಿದ್ದೆ. "ಸ್ವಲ್ಪ ಸಹಾಯ ಮಾಡು" ಅಂದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯೋದಿಲ್ಲ. "ರಕ್ತ ಏರುವ ಇಂಜೆಕ್ಷನ್ ದುಡ್ಡು ನಿನ್ನದು, ಏಪ್ರಿಲ್‌ನಲ್ಲಿ ಹದಿನೈದು ದಿನ ನೀನು ಬಂದು ಇರು" ಅಂತ ಅಕ್ಕನಿಗೆ ಬಾಯಿಬಿಟ್ಟು ಹೇಳು. ಬೇಕಾದರೆ ನಾನೇ ಹೇಳುತ್ತೇನೆ, ಅವಳಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಅಂಜಿಕೆ ಇದೆ.

ಶುಕ್ರವಾರ ಸಂಜೆ ಬಸ್ಸಿಗೆ ಬರುತ್ತೇನೆ. ಶನಿವಾರದ ಪಾಳಿ ನನ್ನದು, ಆ ಬೆಂಚು ನನಗೆ ಹೊಸದಲ್ಲ. ನೀವಿಬ್ಬರೂ ಅಪ್ಪನ ಕೆರೆ ಕಡೆ ಅಡ್ಡಾಡಿ ಬನ್ನಿ, ಇಲ್ಲಾ ಬಾಗಿಲು ಹಾಕಿಕೊಂಡು ಸುಮ್ನೆ ಮಲಗಿ. ವೈನಿಗೆ ಹೇಳು, ಈ ಸಲ ಶೇಂಗಾ ಹಿಂಡಿ ತರೋದಿಲ್ಲ.

ನಿನ್ನ ಕಾಕಾ